ಯಾವ ಅಧ್ಯಕ್ಷರ ಕಾಲ ಚೆನ್ನಾಗಿತ್ತು? ಅಮೆರಿಕದ ಲೆಕ್ಕ ಹೋಲಿಸುವ ಮುಂಚೆ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರು ಅಮೆರಿಕದವರಿದ್ದಾರೆ. ನ್ಯೂಜೆರ್ಸಿಯ ಭಾವ, ಡಲ್ಲಾಸ್‌ನಲ್ಲಿರುವ ತಮ್ಮ, ಅಂದರೆ ಚಿಕ್ಕಪ್ಪನ ಮಗ. 2024ರ ಚುನಾವಣೆ ಹೊತ್ತಿಗೆ ಗುಂಪಿನಲ್ಲಿ ಹಬ್ಬದ ಫೋಟೊಗಳಿಗಿಂತ ಗ್ರಾಫ್‌ಗಳೇ ಜಾಸ್ತಿಯಾಗಿದ್ದವು. ಭಾವ ಹಾಕಿದ್ದು: "ಟ್ರಂಪ್ ಮೊದಲ ಅವಧಿ ಮುಗಿಯುವಾಗ ಶುರುವಿಗಿಂತ 27 ಲಕ್ಷ ಕೆಲಸ ಕಡಿಮೆ. ಬೈಡನ್ ಕಾಲದಲ್ಲಿ ಒಂದೂವರೆ ಕೋಟಿಗೂ ಜಾಸ್ತಿ ಹೊಸ ಕೆಲಸ." ತಮ್ಮ ತಿರುಗಿಸಿ ಹಾಕಿದ್ದು: "ಭಾವ, ಟ್ರಂಪ್ ಇದ್ದಾಗ ನಿರುದ್ಯೋಗ ಶೇ 3.5ಕ್ಕೆ ಇಳಿದಿತ್ತು. ಬೈಡನ್ ಕಾಲದಲ್ಲಿ ಬೆಲೆ ಏರಿಕೆ ಶೇ 9.1 ಮುಟ್ಟಿತು. ಅದನ್ನೂ ಹೇಳಿ ಮತ್ತೆ."

ತಮಾಷೆ ಅಂದರೆ ಎಲ್ಲ ಅಂಕಿಯೂ ನಿಜ. ಯಾರೂ ಸುಳ್ಳು ಹೇಳಿರಲಿಲ್ಲ. ತಮಗೆ ಬೇಕಾದ ಜಾಗದಲ್ಲಿ ಗೆರೆ ಎಳೆದಿದ್ದರು, ಅಷ್ಟೇ. ಇವರ ಜಗಳ ಬಿಡಿಸೋಣ ಅಂತ ಎರಡು ಭಾನುವಾರ ಕಂಪ್ಯೂಟರ್ ಮುಂದೆ ಕೂತೆ. ಜಗಳವೇನೂ ಬಿಡಿಸಲಾಗಲಿಲ್ಲ. ಆದರೆ ಇಂಥ ಹೋಲಿಕೆಯನ್ನು ಹೇಗೆ ಮಾಡಬೇಕು, ಎಲ್ಲಿ ಕಾಲು ಜಾರುತ್ತದೆ ಅನ್ನೋದು ಗೊತ್ತಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಅಂಕಿ ನೋಡುವ ಮುಂಚೆ ನಿಯಮ ಬರೆದಿಡಿ

ಒಂದು ಹಾಳೆ ತಗೊಳ್ಳಿ. ಯಾವುದನ್ನು ಹೋಲಿಸುತ್ತೀರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಅಳತೆಯಲ್ಲಿ ಅಂತ ಬರೆಯಿರಿ. ವೆಬ್‌ಸೈಟ್ ತೆರೆಯುವುದು ಆಮೇಲೆ. ಇದನ್ನು ಉಲ್ಟಾ ಮಾಡಿದರೆ ಕಣ್ಣು ತನಗೆ ಬೇಕಾದ ಅಂಕಿಯ ಮೇಲೇ ಹೋಗಿ ಕೂರುತ್ತದೆ. ಬ್ಯಾಟ್ಸ್‌ಮನ್ ಹೊಡೆದ ಮೇಲೆ ಬೌಂಡರಿ ಹಗ್ಗ ಎಳೆದ ಹಾಗೆ.

"ಆರ್ಥಿಕತೆ ಹೇಗಿತ್ತು" ಅನ್ನುವುದು ತೀರಾ ದೊಡ್ಡ ಪ್ರಶ್ನೆ. ಕೆಲಸ ಎಷ್ಟು ಹೆಚ್ಚಾಯಿತು, ಬೆಲೆ ಎಷ್ಟು ಏರಿತು, ಜಿಡಿಪಿ (ದೇಶದ ಒಟ್ಟು ಉತ್ಪಾದನೆ) ಎಷ್ಟು ಬೆಳೆಯಿತು, ಜನರ ಕೈಗೆ ನಿಜವಾಗಿ ಎಷ್ಟು ದುಡ್ಡು ಬಂತು, ಸರ್ಕಾರದ ಸಾಲ ಏನಾಯಿತು ಅಂತ ಒಡೆದುಕೊಳ್ಳಿ. ಷೇರುಪೇಟೆಯನ್ನು ನಾನು ಸೇರಿಸುವುದಿಲ್ಲ. ಅದರಲ್ಲಿ ಶುರುವಿನ ದಿನ ಒಂದು ತಿಂಗಳು ಆಚೀಚೆಯಾದರೂ ಕಥೆಯೇ ಬದಲಾಗುತ್ತದೆ. ಟ್ರಂಪ್ ತಮ್ಮ ಷೇರುಪೇಟೆ ಲೆಕ್ಕವನ್ನು ಪ್ರಮಾಣವಚನದ ದಿನದ ಬದಲು 2016ರ ನವೆಂಬರ್‌ನ ಚುನಾವಣೆ ದಿನದಿಂದ ಹೇಳುತ್ತಿದ್ದರು. ಹಾಗೆ ಹೇಳಲಿ, ತಪ್ಪಿಲ್ಲ. ಆದರೆ ಒಬಾಮಾಗೂ ಬೈಡನ್‌ಗೂ ಅದೇ ನಿಯಮ ಹಾಕಬೇಕು, ಅಲ್ವಾ?

ಹೆಜ್ಜೆ 2: ಗೆರೆ ಎಲ್ಲಿ ಎಳೆಯಬೇಕು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅರ್ಧ ಜಗಳ ಇಲ್ಲೇ ಹುಟ್ಟುವುದು.

ಅಮೆರಿಕದ ಅಧ್ಯಕ್ಷರು ಜನವರಿ 20ಕ್ಕೆ ಅಧಿಕಾರ ತಗೊಳ್ಳುತ್ತಾರೆ. ಕೆಲಸದ ಲೆಕ್ಕ ಮಾಡುವ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರತಿ ತಿಂಗಳ 12ನೇ ತಾರೀಖು ಬರುವ ಸಂಬಳದ ಅವಧಿಯನ್ನು ಹಿಡಿದು ಎಣಿಸುತ್ತದೆ. ಅಂದರೆ ಜನವರಿಯ ಅಂಕಿ ಹಳೆಯ ಅಧ್ಯಕ್ಷರದ್ದು. ಹೊಸಬರ ಲೆಕ್ಕ ಜನವರಿಯ ಅಂಕಿಯನ್ನು ಸೊನ್ನೆ ಅಂತ ಇಟ್ಟುಕೊಂಡು ಫೆಬ್ರವರಿಯಿಂದ ಶುರು. 2009ರ ಜನವರಿ ಒಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಕೆಲಸ ಹೋಗಿದ್ದವು. ಅದನ್ನು ಬುಷ್ ಖಾತೆಗೆ ಹಾಕುತ್ತೀರೋ ಒಬಾಮಾ ಖಾತೆಗೋ ಅನ್ನುವುದು ಸಣ್ಣ ವಿಷಯವಲ್ಲ.

ಜಿಡಿಪಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಪ್ರಿನ್ಸ್‌ಟನ್‌ನ ಅಲನ್ ಬ್ಲೈಂಡರ್ ಮತ್ತು ಮಾರ್ಕ್ ವಾಟ್ಸನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಮೂರು ತಿಂಗಳನ್ನು ಹಿಂದಿನ ಅಧ್ಯಕ್ಷರಿಗೇ ಸೇರಿಸಿದ್ದರು. ನನಗೂ ಅದೇ ಸರಿ ಅನಿಸಿತು.

ಬಜೆಟ್ ವಿಷಯಕ್ಕೆ ಬಂದರೆ ಇನ್ನೂ ಗಮ್ಮತ್ತು. ಅಲ್ಲಿನ ಕೇಂದ್ರ ಸರ್ಕಾರದ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. 2009ರ ಹಣಕಾಸು ವರ್ಷ 2008ರ ಅಕ್ಟೋಬರ್‌ನಲ್ಲಿ, ಬುಷ್ ಇರುವಾಗಲೇ ಶುರುವಾಗಿತ್ತು. ಆ ವರ್ಷದ ಕೊರತೆ ಸುಮಾರು 1.4 ಲಕ್ಷ ಕೋಟಿ ಡಾಲರ್. "ಒಬಾಮಾ ಬಂದ ಮೊದಲ ವರ್ಷವೇ ಖಜಾನೆ ಬರಿದು ಮಾಡಿದರು" ಅಂತ ಎಷ್ಟೋ ಗ್ರಾಫ್‌ಗಳಲ್ಲಿ ಇದನ್ನು ಅವರ ತಲೆಗೆ ಕಟ್ಟುತ್ತಾರೆ. ಆದರೆ ಅವರು ಪ್ರಮಾಣವಚನ ತಗೊಳ್ಳುವ ಮುಂಚೆಯೇ, ಅದೇ ಜನವರಿಯ ಮೊದಲ ಭಾಗದಲ್ಲಿ, ಕಾಂಗ್ರೆಸ್ಸಿನ (ಅಲ್ಲಿನ ಸಂಸತ್ತಿನ) ಬಜೆಟ್ ಕಚೇರಿ ಆ ವರ್ಷದ ಕೊರತೆ 1.2 ಲಕ್ಷ ಕೋಟಿ ಆಗುತ್ತದೆ ಅಂತ ಅಂದಾಜು ಕೊಟ್ಟಿತ್ತು. ಒಬಾಮಾ ಫೆಬ್ರವರಿಯಲ್ಲಿ ಸಹಿ ಹಾಕಿದ, ಆರ್ಥಿಕತೆ ಎತ್ತಲು ತಂದ ಪ್ಯಾಕೇಜಿನ ಒಂದು ಭಾಗ ಮಾತ್ರ ಆ ವರ್ಷಕ್ಕೆ ಬಿತ್ತು. ಹಾಗಾಗಿ ಕೊರತೆಗೆ ನಾನು ಹಾಕಿಕೊಂಡ ನಿಯಮ: ಪ್ರಮಾಣವಚನ ಆದ ವರ್ಷದ ಸೆಪ್ಟೆಂಬರ್‌ವರೆಗೆ ಹಳಬರದ್ದು, ಅಕ್ಟೋಬರ್‌ನಿಂದ ಹೊಸಬರದ್ದು. ಹೊಸಬರು ಬಂದ ಕೂಡಲೇ ಏನಾದರೂ ದೊಡ್ಡ ಖರ್ಚು ಮಾಡಿದ್ದರೆ ಪಕ್ಕದಲ್ಲಿ ಒಂದು ಸಾಲು ಬರೆಯುತ್ತೇನೆ.

ಬೈಡನ್ ಹೇಳುವ ಲೆಕ್ಕವನ್ನೂ ಇಷ್ಟೇ ಎಚ್ಚರದಿಂದ ನೋಡಿ. "ಕೊರತೆಯನ್ನು 1.7 ಲಕ್ಷ ಕೋಟಿ ಇಳಿಸಿದೆ" ಅಂತ ಅವರು ಹೇಳಿಕೊಳ್ಳುತ್ತಿದ್ದರು. 2020ರಲ್ಲಿ 3.1 ಲಕ್ಷ ಕೋಟಿ, 2022ರಲ್ಲಿ 1.4 ಲಕ್ಷ ಕೋಟಿ. ಕಳೆದರೆ ಸರಿಯಾಗಿಯೇ ಇದೆ. ಆದರೆ ಇಳಿದದ್ದರಲ್ಲಿ ಬಹುಪಾಲು ಕೋವಿಡ್ ಪರಿಹಾರದ ಕಾರ್ಯಕ್ರಮಗಳು ತಾವಾಗಿಯೇ ಮುಗಿದದ್ದರಿಂದ. ಮದುವೆ ಮುಗಿದ ಮರುತಿಂಗಳು "ನೋಡಿ, ಖರ್ಚು ಎಷ್ಟು ಕಡಿಮೆ ಮಾಡಿದೆ" ಅಂದ ಹಾಗಾಯಿತು.

ಹೆಜ್ಜೆ 3: ಕೈಗೆ ಬಂದಾಗ ಹೇಗಿತ್ತು

ಬಾಡಿಗೆ ಮನೆಗೆ ಹೋಗುವಾಗ ಜಾಣರು ಒಂದು ಕೆಲಸ ಮಾಡುತ್ತಾರೆ. ಸೋರುವ ನಲ್ಲಿ, ಒಡೆದ ಕನ್ನಡಿ ಎಲ್ಲದರ ಫೋಟೊ ಹೊಡೆದಿಟ್ಟುಕೊಳ್ಳುತ್ತಾರೆ. ಪ್ರತಿ ಅಧ್ಯಕ್ಷರ ಹೆಸರಿನ ಮುಂದೆಯೂ ಅಂಥ ಒಂದು ಫೋಟೊ ಬೇಕು. ನಿರುದ್ಯೋಗ ಎಷ್ಟಿತ್ತು, ಬೆಲೆ ಏರಿಕೆ ಎಷ್ಟಿತ್ತು, ಆರ್ಥಿಕ ಹಿಂಜರಿತ ಶುರುವಾಗಿತ್ತೋ ಮುಗಿದಿತ್ತೋ.

ಹಿಂಜರಿತದ ತಾರೀಖುಗಳನ್ನು ಅಲ್ಲಿ ಎನ್‌ಬಿಇಆರ್ ಅನ್ನುವ ಖಾಸಗಿ ಸಂಶೋಧನಾ ಸಂಸ್ಥೆಯ ಸಮಿತಿ ಗೊತ್ತು ಮಾಡುತ್ತದೆ. ಕಿರಿಯ ಬುಷ್ ಬಂದದ್ದು 2001ರ ಜನವರಿಯಲ್ಲಿ, ಹಿಂಜರಿತ ಶುರುವಾದದ್ದು ಮಾರ್ಚ್‌ನಲ್ಲಿ. ಡಾಟ್‌ಕಾಮ್ ಗುಳ್ಳೆ (ಇಂಟರ್ನೆಟ್ ಕಂಪನಿಗಳ ಷೇರು ಬೆಲೆಯ ಉಬ್ಬರ) ಒಡೆದದ್ದು ಅದಕ್ಕೂ ಮುಂಚೆ. ಒಬಾಮಾ ಬಂದಾಗ 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತ ಇನ್ನೂ ನಡೆಯುತ್ತಿತ್ತು. ಅದು ಮುಗಿದದ್ದು 2009ರ ಜೂನ್‌ಗೆ. ಆಗಲೂ ನಿರುದ್ಯೋಗ ಏರುತ್ತಲೇ ಹೋಗಿ ಅಕ್ಟೋಬರ್‌ನಲ್ಲಿ ಶೇ 10 ಮುಟ್ಟಿತು. ಟ್ರಂಪ್‌ಗೆ ಸಿಕ್ಕಿದ್ದು ಆರನೇ ಗೇರಿನಲ್ಲಿ ಓಡುತ್ತಿದ್ದ ಗಾಡಿ. ಬೈಡನ್‌ಗೆ ಸಿಕ್ಕಿದ್ದು ಅಪಘಾತವಾಗಿ ಗ್ಯಾರೇಜಿನಿಂದ ಅರ್ಧ ರಿಪೇರಿಯಲ್ಲಿ ಹೊರಬಂದ ಗಾಡಿ.

ಈಗ ಕೋವಿಡ್ ಪ್ರಶ್ನೆ. 2020ರ ಮಾರ್ಚ್, ಏಪ್ರಿಲ್ ಎರಡೇ ತಿಂಗಳಲ್ಲಿ ಸುಮಾರು 2.2 ಕೋಟಿ ಕೆಲಸ ಹೋದವು. ಅದರಲ್ಲಿ 1.2 ಕೋಟಿಗೂ ಹೆಚ್ಚು ಟ್ರಂಪ್ ಇರುವಾಗಲೇ ವಾಪಸ್ ಬಂದವು. ಬೈಡನ್ ಬಂದಾಗ ಇನ್ನೂ 90 ಲಕ್ಷಕ್ಕೂ ಹೆಚ್ಚು ಬಾಕಿ ಇತ್ತು. ಹಳೆಯ ಮಟ್ಟ ಮುಟ್ಟಿದ್ದು 2022ರ ನಡುವಿಗೆ. ಇದನ್ನು ಎರಡು ರೀತಿ ನೋಡಬಹುದು. ಕೋವಿಡ್ ಸೇರಿಸಿಯೇ ಲೆಕ್ಕ ಹಾಕುವುದು ಒಂದು. ಬಿಟ್ಟು ಹಾಕುವುದು ಇನ್ನೊಂದು. ಎರಡೂ ಸರಿಯೇ. ಸರಿಯಲ್ಲದ್ದು ಯಾವುದೆಂದರೆ ಟ್ರಂಪ್ ಖಾತೆಯಿಂದ ಕೋವಿಡ್ ನಷ್ಟ ಅಳಿಸಿ ಬೈಡನ್ ಖಾತೆಯಲ್ಲಿ ಕೋವಿಡ್ ನಂತರದ ಬೆಲೆ ಏರಿಕೆ ಮಾತ್ರ ಉಳಿಸುವುದು. ಅಥವಾ ಭಾವ ಮಾಡಿದ ಹಾಗೆ, ಟ್ರಂಪ್‌ಗೆ ನಷ್ಟ ಬರೆದು, ವಾಪಸ್ ಬಂದ ಅದೇ ಕೆಲಸಗಳನ್ನು ಬೈಡನ್‌ಗೆ "ಹೊಸ ಕೆಲಸ" ಅಂತ ಬರೆಯುವುದು.

ಕೋವಿಡ್ ಇಲ್ಲದ ಹೋಲಿಕೆ ಬೇಕಿದ್ದರೆ ಒಬಾಮಾರ ಕೊನೆಯ ಮೂರು ವರ್ಷ, ಟ್ರಂಪ್‌ರ ಮೊದಲ ಮೂರು ವರ್ಷ ಪಕ್ಕಪಕ್ಕ ಇಡಿ. 2014ರಿಂದ 2016ರವರೆಗೆ ಸುಮಾರು 80 ಲಕ್ಷ, 2017ರಿಂದ 2019ರವರೆಗೆ ಸುಮಾರು 65 ಲಕ್ಷ. ಗ್ರಾಫ್ ನೋಡಿದರೆ ಎಲ್ಲಿ ಅಧ್ಯಕ್ಷರು ಬದಲಾದರು ಅಂತ ಹೇಳುವುದೇ ಕಷ್ಟ, ಅಷ್ಟು ನೇರ ಗೆರೆ. ಕೆಲಸ ಇಲ್ಲದವರ ಸಂಖ್ಯೆ ಕಡಿಮೆಯಾದಂತೆ ಹೊಸದಾಗಿ ಸೇರುವವರು ಕಡಿಮೆಯಾಗುವುದೂ ಸಹಜ. ಇದನ್ನು ಕಳಿಸಿದ ದಿನ ಗುಂಪಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಹೆಜ್ಜೆ 4: ಅಂಕಿಯನ್ನು ಒಂದೇ ಪಾವಿನಲ್ಲಿ ಅಳೆಯಿರಿ

ಕಾರ್ಟರ್, ರೇಗನ್ ಇಬ್ಬರಲ್ಲಿ ಯಾರ ಕಾಲದಲ್ಲಿ ಕೆಲಸ ಚೆನ್ನಾಗಿ ಬೆಳೆಯಿತು? ಯಾರನ್ನೇ ಕೇಳಿ, ರೇಗನ್ ಅನ್ನುತ್ತಾರೆ. ಲೆಕ್ಕ ಹಾಕೋಣ.

1977ರ ಜನವರಿಯಲ್ಲಿ ಕೃಷಿಯೇತರ ಕೆಲಸಗಳು ಸುಮಾರು 8.07 ಕೋಟಿ. 1981ರ ಜನವರಿಯಲ್ಲಿ ಸುಮಾರು 9.1 ಕೋಟಿ. ಕಾರ್ಟರ್ ಖಾತೆಗೆ ಒಂದು ಕೋಟಿ ಚಿಲ್ಲರೆ. 1989ರ ಜನವರಿಗೆ ಅದು 10.71 ಕೋಟಿ. ರೇಗನ್ ಖಾತೆಗೆ 1.6 ಕೋಟಿ. ರೇಗನ್ ಮುಂದೆ, ಸರಿ. ಆದರೆ ರೇಗನ್ ಇದ್ದದ್ದು ಎಂಟು ವರ್ಷ, ಕಾರ್ಟರ್ ನಾಲ್ಕೇ ವರ್ಷ. ಶುರುವಿನ ಸಂಖ್ಯೆಗೆ ಹೋಲಿಸಿ ವರ್ಷದ ಸರಾಸರಿ ತೆಗೆದರೆ ಕಾರ್ಟರ್ ಕಾಲದಲ್ಲಿ ವರ್ಷಕ್ಕೆ ಶೇ 3ರ ಮೇಲೆ, ರೇಗನ್ ಕಾಲದಲ್ಲಿ ಶೇ 2ರ ಹತ್ತಿರ. ಕಥೆ ತಿರುಗಿತು.

ಹಾಗಂತ ಕಾರ್ಟರ್‌ಗೆ ಹಾರ ಹಾಕಬೇಡಿ, ತಡೀರಿ. ಒಂದು ಕೋಟಿ ಕೆಲಸ ಹುಟ್ಟಿದರೂ ನಿರುದ್ಯೋಗ ಬಂದಾಗಲೂ ಶೇ 7.5, ಹೋಗುವಾಗಲೂ ಶೇ 7.5! ಯಾಕೆ? ಯುದ್ಧದ ನಂತರ ಹುಟ್ಟಿದ ದೊಡ್ಡ ಪೀಳಿಗೆ ಆಗ ತಾನೇ ಕೆಲಸಕ್ಕೆ ಬರುತ್ತಿತ್ತು. ಹೆಂಗಸರು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಕೆಲಸ ಹುಡುಕುತ್ತಿದ್ದರು. ಕೆಲಸ ಹೆಚ್ಚಿತು, ಕೇಳುವವರೂ ಅಷ್ಟೇ ಹೆಚ್ಚಿದರು. ಆ ನಾಲ್ಕು ವರ್ಷದಲ್ಲಿ ಬೆಲೆಗಳು ಹೆಚ್ಚುಕಡಿಮೆ ಅರ್ಧದಷ್ಟು ಏರಿದವು. ನೂರು ಡಾಲರಿನ ಸಾಮಾನು ನೂರೈವತ್ತರ ಹತ್ತಿರ ಹೋಯಿತು. ಬೈಡನ್‌ರ ನಾಲ್ಕು ವರ್ಷದಲ್ಲಿ ಒಟ್ಟು ಏರಿಕೆ ಶೇ 21ರ ಆಸುಪಾಸು, ಟ್ರಂಪ್‌ರ ಮೊದಲ ನಾಲ್ಕು ವರ್ಷದಲ್ಲಿ ಶೇ 8ರಷ್ಟು. ಬೆಲೆಯ ವಿಷಯದಲ್ಲಿ ನಾನು ಯಾವಾಗಲೂ ಅವಧಿಯ ಒಟ್ಟು ಏರಿಕೆ ನೋಡುತ್ತೇನೆ. "ಬೆಲೆ ಏರಿಕೆ ಶೇ 9ರಿಂದ 3ಕ್ಕೆ ಇಳಿಯಿತು" ಅಂದರೆ ಮೊಟ್ಟೆ ಅಗ್ಗವಾಯಿತು ಅಂತಲ್ಲ. ಏರುವ ವೇಗ ತಗ್ಗಿತು ಅಂತ ಅಷ್ಟೇ.

ಜಿಡಿಪಿಯಲ್ಲಿ ಇನ್ನೊಂದು ಮೋಸವಿದೆ. 2020ರ ಏಪ್ರಿಲ್–ಜೂನ್‌ನಲ್ಲಿ ಅಮೆರಿಕದ ಜಿಡಿಪಿ ಶೇ 31ಕ್ಕೂ ಹೆಚ್ಚು ಕುಸಿಯಿತು ಅಂತ ಸುದ್ದಿ ಬಂತು. ಅದೇ ಹೊತ್ತಿಗೆ ಭಾರತದ್ದು ಶೇ 23.9 ಕುಸಿತ. "ನೋಡಿ, ನಾವೇ ವಾಸಿ" ಅಂತ ನಮ್ಮ ಗುಂಪಿನಲ್ಲೂ ಫಾರ್ವರ್ಡ್ ಬಂದಿತ್ತು. ಆದರೆ ಅಳತೆಯೇ ಬೇರೆ. ಅಮೆರಿಕದವರು ಮೂರು ತಿಂಗಳ ಬದಲಾವಣೆಯನ್ನು "ಇದೇ ವೇಗದಲ್ಲಿ ವರ್ಷವಿಡೀ ನಡೆದರೆ" ಅಂತ ಹಿಗ್ಗಿಸಿ ಹೇಳುತ್ತಾರೆ. ನಾವು ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸುತ್ತೇವೆ. ಹಿಗ್ಗಿಸಿದ್ದನ್ನು ಬಿಚ್ಚಿದರೆ ಅಮೆರಿಕದ ನಿಜವಾದ ಕುಸಿತ ಶೇ 9ರಷ್ಟು. ಮುಂದಿನ ಮೂರು ತಿಂಗಳಲ್ಲಿ ಶೇ 33 ಏರಿತು ಅಂತ ಟ್ರಂಪ್ ಕಡೆಯವರು ಸಂಭ್ರಮಪಟ್ಟರು. ಅದನ್ನೂ ಬಿಚ್ಚಿದರೆ ಶೇ 7.5ರಷ್ಟು. ಕುಸಿದದ್ದೆಲ್ಲ ವಾಪಸ್ ಬಂದಿರಲಿಲ್ಲ.

ಇನ್ನು ನನ್ನದೇ ಒಂದು ಎಡವಟ್ಟು. ಫೆಡರಲ್ ರಿಸರ್ವ್ (ಅಲ್ಲಿನ ಕೇಂದ್ರ ಬ್ಯಾಂಕ್) ವ್ಯವಸ್ಥೆಯ ಸೇಂಟ್ ಲೂಯಿಸ್ ಬ್ಯಾಂಕಿನ ಫ್ರೆಡ್ ಅನ್ನುವ ತಾಣದಲ್ಲಿ ಈ ಅಂಕಿಗಳೆಲ್ಲ ಪುಕ್ಕಟೆ ಸಿಗುತ್ತವೆ. ಹಿಂಜರಿತದ ತಿಂಗಳುಗಳನ್ನು ಬೂದು ಪಟ್ಟಿಯಲ್ಲಿ ತೋರಿಸುತ್ತಾರೆ. ಅಲ್ಲಿಂದ ಕೆಲಸದ ಅಂಕಿ ಇಳಿಸಿಕೊಂಡು, ಡಿಸೆಂಬರ್‌ನಿಂದ ಜನವರಿಗೆ ಸುಮಾರು 30 ಲಕ್ಷ ಕೆಲಸ ಹೋಗಿವೆ ಅಂತ ಗುಂಪಿನಲ್ಲಿ ಹಾಕಿಬಿಟ್ಟೆ. ಭಾವ ಮರುನಿಮಿಷವೇ ಬರೆದರು: "ಏನಯ್ಯಾ, ಅದು ಕ್ರಿಸ್‌ಮಸ್ ಅಂಗಡಿಗಳ ಕೆಲಸದವರು. ಪ್ರತಿ ಜನವರಿಯೂ ಹೋಗ್ತಾರೆ." ಕಾಲಮಾನದ ಏರಿಳಿತ ತೆಗೆದ ಸಾಲು ಒಂದು, ತೆಗೆಯದ ಸಾಲು ಇನ್ನೊಂದು ಇರುತ್ತದೆ. ನಾನು ಇಳಿಸಿದ್ದು ಎರಡನೆಯದು. ನೀವು 'ಸೀಸನಲಿ ಅಡ್ಜಸ್ಟೆಡ್' ಅಂತ ಬರೆದಿರುವುದನ್ನೇ ತಗೊಳ್ಳಿ.

ಹೆಜ್ಜೆ 5: ಸರಾಸರಿಯ ಒಳಗೆ ಯಾರಿದ್ದಾರೆ ನೋಡಿ

2020ರ ಏಪ್ರಿಲ್‌ನಲ್ಲಿ ಗಂಟೆಗೆ ಸರಾಸರಿ ಸಂಬಳ ಒಂದೇ ತಿಂಗಳಲ್ಲಿ 1.34 ಡಾಲರ್ ಏರಿ 30.01 ಡಾಲರ್ ಆಯಿತು ಅಂತ ಆಗ ವರದಿ ಬಂತು. ಎರಡು ಕೋಟಿ ಜನ ಕೆಲಸ ಕಳಕೊಂಡ ತಿಂಗಳು ಅದು! ಯಾರಿಗೂ ಸಂಬಳ ಏರಿರಲಿಲ್ಲ. ಹೋಟೆಲ್ ಮಾಣಿಗಳು, ಅಂಗಡಿ ಹುಡುಗರು, ಕಮ್ಮಿ ಸಂಬಳದವರೇ ಜಾಸ್ತಿ ಕೆಲಸ ಕಳಕೊಂಡಿದ್ದರು. ಉಳಿದವರ ಸರಾಸರಿ ತಾನಾಗಿಯೇ ಮೇಲೆ ಹೋಯಿತು. ದಡ್ಡ ಹುಡುಗರು ರಜಾ ಹಾಕಿದ ದಿನ ಕ್ಲಾಸಿನ ಸರಾಸರಿ ಏರುವ ಹಾಗೆ. ಅವರು ಕೆಲಸಕ್ಕೆ ವಾಪಸ್ ಬಂದಂತೆ ಸರಾಸರಿ ಇಳಿದಂತೆ ಕಂಡಿತು, ಅದರಲ್ಲಿ ಒಂದು ಭಾಗ ಬೈಡನ್ ಖಾತೆಗೆ ಬಿತ್ತು. ಹಾಗಾಗಿ "ಬೈಡನ್ ಕಾಲದಲ್ಲಿ ನಿಜ ಸಂಬಳ (ಬೆಲೆ ಏರಿಕೆ ಕಳೆದ ಸಂಬಳ) ಬಿತ್ತು" ಅನ್ನುವವರು ಯಾವ ತಿಂಗಳಿಂದ ಅಳೆದಿದ್ದಾರೆ ಅಂತ ಮೊದಲು ಕೇಳಿ. ಬೆಲೆ ಏರಿಕೆ ಸಂಬಳವನ್ನು ತಿಂದದ್ದೂ ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಎಷ್ಟು ತಿಂದಿತು ಅನ್ನುವುದು ಆ ಶುರುವಿನ ತಿಂಗಳ ಮೇಲೆ ನಿಂತಿದೆ.

ಹೆಜ್ಜೆ 6: ಇದರಲ್ಲಿ ಅಧ್ಯಕ್ಷರ ಕೈ ಎಷ್ಟು

ಕೆಆರ್‌ಎಸ್ ತುಂಬಿದಾಗ ಮುಖ್ಯಮಂತ್ರಿ ಬಂದು ಬಾಗಿನ ಕೊಡುತ್ತಾರೆ. ಫೋಟೊ ಅವರದ್ದು. ಮಳೆ ಕೊಡಗಿನದ್ದು. ಅಧ್ಯಕ್ಷರ ಲೆಕ್ಕದಲ್ಲೂ ಬಾಗಿನ ಯಾವುದು, ಮಳೆ ಯಾವುದು ಅಂತ ಬೇರೆ ಮಾಡಬೇಕು.

ಬಡ್ಡಿದರ ಅಧ್ಯಕ್ಷರ ಕೈಯಲ್ಲಿಲ್ಲ, ಫೆಡರಲ್ ರಿಸರ್ವ್ ಕೈಯಲ್ಲಿದೆ. ಅದರ ಮುಖ್ಯಸ್ಥರನ್ನು ಹೆಸರಿಸುವುದು ಮಾತ್ರ ಅಧ್ಯಕ್ಷರು. 1979ರಲ್ಲಿ ಪಾಲ್ ವೋಲ್ಕರ್ ಅವರನ್ನು ತಂದವರು ಕಾರ್ಟರ್. ವೋಲ್ಕರ್ ಬೆಲೆ ಏರಿಕೆಯನ್ನು ಹೊಡೆಯಲು ಬಡ್ಡಿಯನ್ನು ಶೇ 20ರ ಹತ್ತಿರ ಕೊಂಡೊಯ್ದರು. ನೋವು ಕಾರ್ಟರ್ ಕೊನೆಯ ವರ್ಷಕ್ಕೂ ರೇಗನ್ ಮೊದಲ ಎರಡು ವರ್ಷಕ್ಕೂ ಬಿತ್ತು. 1982ರ ಕೊನೆಗೆ ನಿರುದ್ಯೋಗ ಶೇ 10.8. ಆಮೇಲೆ ಬೆಲೆ ತಣ್ಣಗಾಗಿ ಬಡ್ಡಿ ಇಳಿದು ಆರ್ಥಿಕತೆ ಚಿಗುರಿದಾಗ 1984ರ ಚುನಾವಣೆ ಬಂತು. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ಆದರೂ ರೇಗನ್‌ಗೆ ಒಂದು ಮೆಚ್ಚುಗೆ ಸಲ್ಲಬೇಕು. ಅಷ್ಟು ಕೆಟ್ಟ ದಿನಗಳಲ್ಲೂ ಅವರು ವೋಲ್ಕರ್ ಬೆನ್ನಿಗೆ ನಿಂತರು, 1983ರಲ್ಲಿ ಮತ್ತೆ ನೇಮಿಸಿದರು.

ತೆರಿಗೆ, ಖರ್ಚು ಕಾಂಗ್ರೆಸ್ಸಿನಲ್ಲಿ ಪಾಸಾಗಬೇಕು. ಎಣ್ಣೆ ಬೆಲೆ ಇನ್ನೆಲ್ಲೋ ನಿರ್ಧಾರವಾಗುತ್ತದೆ. ಇರಾನಿನಲ್ಲಿ ಕ್ರಾಂತಿಯಾಗಿ ಎಣ್ಣೆ ದುಬಾರಿಯಾದದ್ದಕ್ಕೆ ಕಾರ್ಟರ್ ಮತ ಕಳಕೊಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಮೇಲೆ ಹೇಳಿದ ಬ್ಲೈಂಡರ್–ವಾಟ್ಸನ್ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟ್ರೂಮನ್‌ರಿಂದ ಒಬಾಮಾವರೆಗಿನ 16 ಅವಧಿ ನೋಡಿದಾಗ ಡೆಮಾಕ್ರಟ್ (ಒಬಾಮಾ, ಬೈಡನ್ ಪಕ್ಷ) ಅಧ್ಯಕ್ಷರ ಕಾಲದಲ್ಲಿ ವರ್ಷಕ್ಕೆ ಶೇ 4.33, ರಿಪಬ್ಲಿಕನ್ನರ (ರೇಗನ್, ಟ್ರಂಪ್ ಪಕ್ಷ) ಕಾಲದಲ್ಲಿ ಶೇ 2.54 ಜಿಡಿಪಿ ಬೆಳವಣಿಗೆ. ದೊಡ್ಡ ಅಂತರವೇ. ಭಾವ ಇದನ್ನು ಫ್ರೇಮ್ ಹಾಕಿಸಿ ಇಟ್ಟುಕೊಳ್ಳುವವರು! ಆದರೆ ಕಾರಣ ಹುಡುಕಿದಾಗ ಬಜೆಟ್ಟಾಗಲಿ ಬಡ್ಡಿನೀತಿಯಾಗಲಿ ಸಿಗಲಿಲ್ಲ. ಎಣ್ಣೆ ಬೆಲೆಯ ಹೊಡೆತ, ಉತ್ಪಾದಕತೆಯ ಏರಿಳಿತ, ಹೊರದೇಶಗಳ ಪರಿಸ್ಥಿತಿ ಇಂಥವೇ ಹೆಚ್ಚು. ಬಹುಪಾಲು ಅದೃಷ್ಟ ಅಂತಲೇ ಅರ್ಥ. ಬ್ಲೈಂಡರ್ ಸ್ವತಃ ಕ್ಲಿಂಟನ್ ಅವರ ಆರ್ಥಿಕ ಸಲಹೆಗಾರರಾಗಿದ್ದವರು ಅನ್ನುವುದನ್ನು ಗಮನಿಸಿ. ತಮ್ಮ ಕಡೆಯವರ ಗೆಲುವನ್ನು ಹೀಗೆ ತೂಗಿ ಹೇಳುವವರು ಅಪರೂಪ.

ಮಳೆಯನ್ನು ಬೇರೆ ಮಾಡಲು ಸುಲಭದ ಒಂದು ದಾರಿ ಇದೆ. ಪಕ್ಕದ ಮನೆ ನೋಡುವುದು. 2022ರ ಜೂನ್‌ನಲ್ಲಿ ಅಮೆರಿಕದ ಬೆಲೆ ಏರಿಕೆ ಶೇ 9.1. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಿಟನ್ನಿನದು ಶೇ 11.1, ಯೂರೋ ದೇಶಗಳದ್ದು ಶೇ 10.6. ಅಲ್ಲೆಲ್ಲ ಬೈಡನ್ ಆಳುತ್ತಿರಲಿಲ್ಲವಲ್ಲ. ಹಾಗಂತ ಪೂರ್ತಿ ಬಿಡುವಂತೆಯೂ ಇಲ್ಲ. ಟ್ರಂಪ್, ಬೈಡನ್ ಎರಡೂ ಸರ್ಕಾರಗಳು ಕೋವಿಡ್ ಕಾಲದಲ್ಲಿ ಹಣ ಸುರಿದವು: 2020ರ ಮಾರ್ಚ್‌ನಲ್ಲಿ 2.2 ಲಕ್ಷ ಕೋಟಿ ಡಾಲರ್, ಡಿಸೆಂಬರ್‌ನಲ್ಲಿ 90 ಸಾವಿರ ಕೋಟಿ, 2021ರ ಮಾರ್ಚ್‌ನಲ್ಲಿ 1.9 ಲಕ್ಷ ಕೋಟಿ. ಮೊದಲಿನ ಎರಡು ಟ್ರಂಪ್ ಸಹಿ, ಕೊನೆಯದು ಬೈಡನ್ ಸಹಿ. ಇಂಥ ನೆರವು 2021ರ ಕೊನೆಗೆ ಬೆಲೆ ಏರಿಕೆಗೆ ಸುಮಾರು ಶೇಕಡಾ 3 ಅಂಶ ಸೇರಿಸಿರಬಹುದು ಅಂತ ಸ್ಯಾನ್ ಫ್ರಾನ್ಸಿಸ್ಕೊ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದರು. ಈ ಮೂರು ಪ್ಯಾಕೇಜುಗಳಲ್ಲಿ ಯಾವುದರ ಪಾಲು ಎಷ್ಟು ಅಂತ ಕೇಳಿದರೆ ನನ್ನ ಮಟ್ಟಿಗೆ ಕೊನೆಯದು ಬೇಕಿದ್ದಕ್ಕಿಂತ ದೊಡ್ಡದಾಯಿತು. ಭಾವ ಒಪ್ಪುವುದಿಲ್ಲ.

ಹೆಜ್ಜೆ 7: ಪಟ್ಟಿ ಹಾಕಿ, ಪೆನ್ಸಿಲಿನಲ್ಲಿ

ಸಾಲಿಗೊಬ್ಬ ಅಧ್ಯಕ್ಷರು. ಅಡ್ಡಕ್ಕೆ ಐದು ಕಾಲಂ ಸಾಕು: ಬಂದಾಗ ಹೇಗಿತ್ತು, ಹೋಗುವಾಗ ಹೇಗಿತ್ತು, ವರ್ಷದ ಸರಾಸರಿ, ಅದೇ ಹೊತ್ತಿನಲ್ಲಿ ಬೇರೆ ಶ್ರೀಮಂತ ದೇಶಗಳು ಹೇಗಿದ್ದವು, ಅವರೇ ಮಾಡಿದ ದೊಡ್ಡ ಕೆಲಸ ಏನು. ಒಟ್ಟು ಅಂಕ ಕೊಟ್ಟು ರ‍್ಯಾಂಕ್ ಹಾಕಬೇಡಿ. ಬೆಲೆ ಮುಖ್ಯವೋ ಕೆಲಸ ಮುಖ್ಯವೋ ಅನ್ನುವುದು ಅವರವರ ಮನೆಯ ಪರಿಸ್ಥಿತಿ ಮೇಲೆ ಹೋಗುತ್ತದೆ.

ಪೆನ್ಸಿಲ್ ಯಾಕೆ ಅಂದರೆ ಅಂಕಿಗಳು ಆಮೇಲೂ ಬದಲಾಗುತ್ತವೆ. ಜಿಡಿಪಿ ಒಂದೇ ತ್ರೈಮಾಸಿಕಕ್ಕೆ ಮೂರು ಸಲ ಬರುತ್ತದೆ, ನಂತರ ವರ್ಷವರ್ಷವೂ ತಿದ್ದುತ್ತಾರೆ. 2024ರ ಆಗಸ್ಟ್‌ನಲ್ಲಿ, ಆ ವರ್ಷದ ಮಾರ್ಚ್‌ವರೆಗಿನ ಕೆಲಸದ ಲೆಕ್ಕದಲ್ಲಿ 8.18 ಲಕ್ಷ ಜಾಸ್ತಿ ಎಣಿಸಿರಬಹುದು ಅಂತ ಕಾರ್ಮಿಕ ಅಂಕಿಅಂಶ ಇಲಾಖೆಯೇ ಮೊದಲ ಅಂದಾಜು ಕೊಟ್ಟಿತು. ಚುನಾವಣೆ ಹೊತ್ತು ಬೇರೆ, ಕೇಳಬೇಕೆ? ತಮ್ಮ "ಎಲ್ಲ ಬೋಗಸ್" ಅಂದ. ಬೋಗಸ್ ಅಲ್ಲ. ತಿಂಗಳ ಲೆಕ್ಕ ಸ್ಯಾಂಪಲ್ ಸಮೀಕ್ಷೆ. ವರ್ಷಕ್ಕೊಮ್ಮೆ ಅದನ್ನು ಕಂಪನಿಗಳು ನಿರುದ್ಯೋಗ ವಿಮೆಗಾಗಿ ಕೊಡುವ ಪೂರ್ತಿ ದಾಖಲೆಗೆ ತಾಳೆ ಹಾಕುತ್ತಾರೆ. ಅಂಗಡಿಯವರು ದಿನದ ಗಲ್ಲಾ ಎಣಿಸಿ ವರ್ಷದ ಕೊನೆಗೆ ಸ್ಟಾಕ್ ನೋಡುವ ಹಾಗೆ. ಟ್ರಂಪ್ ಕಾಲದಲ್ಲೂ ಇದೇ ನಡೆದಿತ್ತು.

ನನ್ನ ಪಟ್ಟಿ ಗುಂಪಿನಲ್ಲಿ ಹಾಕಿದ ಮೇಲೆ ಭಾವನ ಮೊದಲ ಪ್ರಶ್ನೆ: "ಬೈಡನ್‌ದು ಜನವರಿ ಬದಲು ಮಾರ್ಚ್‌ನಿಂದ ಹಿಡಿದ್ರೆ ಹೇಗೆ ಬರುತ್ತೆ?" ಸುಮ್ನೆ ಕುತೂಹಲವಂತೆ. ತಮ್ಮನದು: "ಟ್ರಂಪ್ ಸಾಲಿನಲ್ಲಿ 2020 ಬಿಟ್ಟು ಲೆಕ್ಕ ಹಾಕಬಹುದಲ್ವಾ ಅಣ್ಣ?" ಮೊದಲ ದಿನ ಇಬ್ಬರೂ ಒಪ್ಪಿ ಬರೆದಿದ್ದ ನಿಯಮದ ಹಾಳೆಯ ಫೋಟೊ ತೆಗೆದು ಮತ್ತೆ ಕಳಿಸಿದೆ.

ಕೆಲಸದ ವರದಿ ಸಾಮಾನ್ಯವಾಗಿ ತಿಂಗಳ ಮೊದಲ ಶುಕ್ರವಾರ ಅಲ್ಲಿನ ಬೆಳಗ್ಗೆ ಎಂಟೂವರೆಗೆ ಬರುತ್ತದೆ. ನಮ್ಮಲ್ಲಿ ಸಂಜೆ ಆರು, ಅಲ್ಲಿ ಚಳಿಗಾಲವಿದ್ದರೆ ಏಳು. ಆರೂ ಐದಕ್ಕೆಲ್ಲ ಭಾವನ ಮೊದಲ ಗ್ರಾಫ್ ಬಂದಿರುತ್ತದೆ.